ದಿಗ್ದಾಗದಲ್ಲಿ ಬನ್ನಿ

ಹಸನಬ್ಬನ ವ್ಯಾನಿನಲ್ಲಿ
ಈರುಳ್ಳಿ ಚೀಲಗಳ ನಡುವೆ ಮಡಚಿಟ್ಟ ಕುರ್ಚಿ
ಒಂದು ಸಿಪ್ಪೆ ಅಂಟಿಸಿಕೊಂಡೇ ಕೆಳಗಿಳಿಯಿತು.
ಭಾನುವಾರ, ಬೆಳಗಿನ ಆರೂವರೆ.
ರಾಸ್ ಅಲ್ ಖೈಮಾದ ಬೆಟ್ಟಗಳು
ಸಿಮೆಂಟಿನ ಧೂಳು ಹೊದ್ದು ಇನ್ನೂ ಮಲಗಿದ್ದವು.

ಗೇಟಿನಲ್ಲಿ ಕಾವಲುಗಾರ, ಸುಡಾನಿನ ಇದ್ರೀಸ್,
ನನ್ನ ಕಾಲು ನೋಡಲಿಲ್ಲ. ಗಾಲಿ ನೋಡಿದ.
ಹೆಬ್ಬೆರಳಲ್ಲಿ ಒತ್ತಿ, ಗಾಳಿ ಕಮ್ಮಿ ಅಂತ
ಒಳಗಿಂದ ಪಂಪು ತಂದ.
ಇಷ್ಟು ವರ್ಷದಲ್ಲಿ ಯಾವ ಬಾಗಿಲೂ
ನನ್ನನ್ನು ಹೀಗೆ ಬರಮಾಡಿಕೊಂಡಿರಲಿಲ್ಲ.

ಫಲಕ ಹೇಳುತ್ತಿತ್ತು: ಎಲೆ ಕೀಳಬಾರದು,
ಬೆಂಕಿ ಹಚ್ಚಬಾರದು, ಗಟ್ಟಿಯಾಗಿ ಮಾತಾಡಬಾರದು.
ಕೆಳಗೆ, ಕಣ್ಣಿಲ್ಲದವರಿಗೆಂದು ಚುಕ್ಕೆಗಳ ಸಾಲು.
ಅದರ ಮೇಲೆ ಬೆರಳಾಡಿಸಿ
"ಇದೆಂತ ಮಾರಾಯ, ಬೆವರುಸಾಲೆ ಎದ್ದ ಹಾಗೆ" ಅಂದ ಹಸನಬ್ಬ,
ಗಟ್ಟಿಯಾಗಿಯೇ.

ಹಲಗೆ ಹಾಸಿದ ದಾರಿ.
ಹನ್ನೆರಡು ಅಡಿ ಹೋದರೆ ಒಂದಡಿ ಏರು,
ಅದಕ್ಕಿಂತ ಒಂದಿಂಚೂ ಕಡಿದಿಲ್ಲ.
ಯಾವ ಊರಿನ ಎಂಜಿನಿಯರೋ,
ನನ್ನ ಹೆಸರು ಗೊತ್ತಿಲ್ಲದೆ
ನನ್ನ ತೋಳಿನ ಬಲ ಅಳೆದು ಗೆರೆ ಎಳೆದಿದ್ದಾನೆ.
ಬಿಡು, ನಾನs ತಿರುಗಿಸ್ತೀನಿ ಅಂದೆ.
ಬಿಟ್ಟ. ಆದರೂ ಅವನ ಎರಡೂ ಕೈ
ಕುರ್ಚಿಯ ಹಿಂದಿನ ಗಾಳಿಯನ್ನು ಹಿಡಿದುಕೊಂಡೇ ಬಂದವು.

ಮೌನ ಅಂದರೆ ಏನು?
ಜನರೇಟರ್ ಇಲ್ಲದಿರುವುದು.
ಆಮೇಲೆ ಒಂದು ಬೆಳವ, ಎರಡು ಪಿಕಳಾರ,
ದೂರದಲ್ಲಿ ಗೇರು ಬದಲಿಸುವ ಕಲ್ಲಿನ ಲಾರಿ,
ಹತ್ತಿರದಲ್ಲಿ ನನ್ನದೇ ಗಾಲಿಯ ಕಿರಕಿರ.

ಗಾಫ್ ಅನ್ನುತ್ತಾರೆ ಇವರು. ಬೇರು ನೂರಡಿ ಇಳಿಯುತ್ತದಂತೆ,
ಮೇಲಿಂದ ನೋಡಿದರೆ ಮರ,
ಕೆಳಗೆ ಬಾವಿ ತೋಡುವ ಆಳು.
ನನಗೆ ಗುರುತು ಹತ್ತಲು ಗಳಿಗೆಯೂ ಬೇಕಾಗಲಿಲ್ಲ:
ಅದೇ ಬೂದು ತೊಗಟೆ, ಅದೇ ಗಿಡ್ಡ ಮುಳ್ಳು,
ಅದೇ ತಲೆ ಬಾಚದ ಕೊಂಬೆ,
ರೋಣದ ಕರಿಮಣ್ಣಿನ ಬದುವಿನಿಂದ ಎದ್ದು ಬಂದಂತೆ.
ಬನ್ನಿ.

ಎಂಥ ಹೆಸರಿಟ್ಟರು ನಮ್ಮವರು!
ಮರವನ್ನು ಕೂಗಿದರೆ
ಮರವೇ ನಮ್ಮನ್ನು ಕರೆದಂತೆ, ಅದೂ ಬಹುವಚನದಲ್ಲಿ.
ಹನ್ನೊಂದು ವರ್ಷ
ಏ, ಬಾ, ಹತ್ತು, ಇಳಿ ಎಂಬ ಏಕವಚನದಲ್ಲೇ ದುಡಿದವನ
ಕಿವಿ ಒಂದಿಷ್ಟು ಬಿಸಿಯಾಯಿತು.

ಒಂಟೆ ಬಾರದ ಕಾಡು ಇದು.
ಮೇಯುವ ಬಾಯಿಲ್ಲದೆ ಕೊಂಬೆ ಕೆಳಕೆಳಗೆ ಬಂದು
ಕೂತವನ ಮಡಿಲಿಗೇ ಮುಟ್ಟಿದೆ.
ನಿಂತವರು ಬಗ್ಗಿ ದಾಟಬೇಕು, ಹಸನಬ್ಬನ ಟೋಪಿ ಎರಡು ಸಲ ಬಿತ್ತು.
ನಾನು ಬಗ್ಗಲಿಲ್ಲ.
ಕೈ ಚಾಚಿದೆ, ಕೀಳಲಿಲ್ಲ.
ದಸರೆ ಮೊನ್ನೆಯೇ ಮುಗಿದಿತ್ತು,
ಕ್ಯಾಂಪಿನಲ್ಲಿ ಯಾರಿಗೂ ನೆನಪಿರಲಿಲ್ಲ, ನನಗೂ.

ಆಯುಧ ಗಂಟು ಕಟ್ಟಿ ಈ ಮರದ ಮೇಲಿಟ್ಟು
ವರ್ಷ ಕಳೆದು ಬಂದು ಇಳಿಸಿಕೊಂಡವರ ಕತೆ ಎಲ್ಲರಿಗೂ ಗೊತ್ತು.
ನನ್ನ ಹತ್ತೊಂಬತ್ತರ ಸ್ಪ್ಯಾನರು
ನಖೀಲಿನ ಒಂದು ಕಟ್ಟಡದ ಎಂಟನೇ ಮಹಡಿಯಲ್ಲಿ ಉಳಿಯಿತು,
ನಾನು ಇಳಿದಷ್ಟು ಬೇಗ ಅದು ಇಳಿಯಲಿಲ್ಲ.
ಈಗ ಅಲ್ಲಿ ಯಾರದೋ ಅಡುಗೆಮನೆ.
ಯಾರೋ ಚಹಾ ಸೋಸುತ್ತಿರಬಹುದು.

ದಾರಿ ಸುತ್ತಿ ಮತ್ತೆ ಗೇಟಿಗೇ ಬಂತು.
ಇದ್ರೀಸ್ ಗಾಲಿಯನ್ನು ಇನ್ನೊಮ್ಮೆ ಒತ್ತಿ ನೋಡಿ ತಲೆಯಾಡಿಸಿದ.

ರಾತ್ರಿ ರೂಮಿನಲ್ಲಿ
ಕುರ್ಚಿ ತಲೆಕೆಳಗು ಮಾಡಿ ಮರಳು ಕೆರೆಯುತ್ತಿದ್ದ ಹಸನಬ್ಬ
ಹಲ್ಲುಕಡ್ಡಿಯಿಂದ ಟಯರಿನ ಗೀರೊಳಗಿಂದ
ಒಂದೊಂದೇ ಎಬ್ಬಿಸಿದ: ಅಕ್ಕಿಕಾಳಿಗಿಂತ ಸಣ್ಣ ಎಲೆ,
ಏಳೋ ಎಂಟೋ, ಜೊತೆಗೆ ಆ ಈರುಳ್ಳಿ ಸಿಪ್ಪೆ.
"ಕಿತ್ತದ್ದಲ್ಲ ಇದು. ತಾನಾಗಿ ಬಂದದ್ದು."
ನನ್ನ ಅಂಗೈ ಮೇಲೆ ಸುರಿದು ಕೇಳಿದ:
"ನಿಮ್ಮಲ್ಲಿ ಎಂತ ಹೇಳುವುದು ಇದಕ್ಕೆ?"

ಬಂಗಾರದಂಗ ಇರೂಣು, ಅಂದೆ.
"ಇರುವ" ಅಂದ,
ಸಿಪ್ಪೆಯನ್ನು ಮಾತ್ರ ಊದಿ ಹಾರಿಸಿ
ವ್ಯಾನಿನ ಬೀಗ ಹಾಕಿದೆನೋ ಇಲ್ಲವೋ ಅಂತ
ನೋಡಲು ಹೋದ.