ತಲೆ ಎಣಿಕೆ

ಕಬಾತಾಶ್ ಕಟ್ಟೆಯಲ್ಲಿ ಎಣಿಸಿದೆ: ಮೂವತ್ತನಾಲ್ಕು.
ಹಡಗು ಹತ್ತಿಸಿ ಮತ್ತೆ ಎಣಿಸಿದೆ: ಮೂವತ್ತನಾಲ್ಕು.
ಭೂಗೋಳ ಕಲಿಸುವವಳು ನಾನು, ಈ ಒಂದು ದಿನ
ಬರೀ ಅಂಕಗಣಿತ.

ಮೇಲಟ್ಟದಲ್ಲಿ ಗಾಳಿ. ಇಲ್ಕಿನ್ ಎಸೆದ ಸಿಮಿತ್ ಚೂರು
ಹಕ್ಕಿಗೂ ಸಿಗದೆ, ನೀರಿಗೂ ಬೀಳದೆ
ಯಾರದೋ ಹ್ಯಾಟಿನ ಮೇಲೆ ಕೂತಿತು.
ಚಹಾದವನು ಬಂದ. ಸೊಂಟ ಸಣ್ಣಗಿನ ಗಾಜಿನ ಲೋಟ,
ತಟ್ಟೆಯಂಚಿಗೆ ಎರಡೆರಡು ಸಕ್ಕರೆ ತುಂಡು.
ರೇಬೆರ್ ಸಕ್ಕರೆಯಿಲ್ಲದೆಯೇ ಕುಡಿದ.
ತನ್ನೆರಡು, ಪಕ್ಕದವನ ಎರಡು, ಯಾರೋ ಬಿಟ್ಟುಹೋದ ಒಂದು,
ಕೋಟಿನ ಜೇಬಿಗೆ ಇಳಿಸಿದ.
ಬಡವರ ಮನೆ ಹುಡುಗ ಅಂದುಕೊಂಡು
ನೋಡದವಳಂತೆ ಕಡಲು ನೋಡಿದೆ.
ದಯೆಯೆಂದರೆ ಇಷ್ಟೇ ಎಂದು ನಂಬಿದ್ದ ಕಾಲ ಅದು,
ಬೆಳಗಿನ ಒಂಬತ್ತೂವರೆ.

ಬ್ಯೂಕ್ ಅದಾ. ಹೆಸರಿಗೆ ದೊಡ್ಡ ದ್ವೀಪ.
ಇಳಿದರೆ ಕಾಲಿಡಲು ನೆಲವಿಲ್ಲ, ಬರೀ ಕಾಲುಗಳು.
ಐಸ್‌ಕ್ರೀಮಿನ ಸಾಲು, ಬಾಡಿಗೆ ಸೈಕಲ್ಲಿನ ಸಾಲು,
ಎಲ್ಲಕ್ಕಿಂತ ಉದ್ದ ಶೌಚಾಲಯದ ಸಾಲು.
ಗೈಡ್ ಹಳದಿ ಕೊಡೆ ಎತ್ತಿ ನಡೆದಳು.
ಅವಳ ದನಿ ಹಿಂದಿನ ನಮಗೆ ಮುಟ್ಟುವ ಹೊತ್ತಿಗೆ
ಅರ್ಧ ಶತಮಾನ ಉದುರಿರುತ್ತಿತ್ತು:
ಮರದ ಮಹಡಿಮನೆಗಳು... ಗಡಿಪಾರಾದ ರಾಜಕುಮಾರರು... ಈ ಕಡೆ, ಈ ಕಡೆ...

ಬ್ಯಾಟರಿ ಗಾಡಿಗಳು ಸದ್ದಿಲ್ಲದೆ ಬಂದು ಬೆನ್ನ ಹಿಂದೆ ಕೆಮ್ಮುತ್ತವೆ.
"ಕುದುರೆ ಎಲ್ಲಿ?" ಕೇಳಿದ ಒಬ್ಬ ಪರದೇಶದ ಮುದುಕ.
"ನಿಂತುಹೋಯಿತು" ಅಂದೆ. ತುಸು ಹೆಮ್ಮೆಯಿಂದಲೇ ಅಂದೆ.
ಆ ಅರ್ಜಿಗೆ ನಾನೂ ಸಹಿ ಹಾಕಿದ್ದೆ:
ಏರಿನಲ್ಲಿ ನೊರೆಗಟ್ಟಿ ಬಿದ್ದ ಕುದುರೆಯ ಚಿತ್ರ,
ಕೆಳಗೆ ನನ್ನ ಹೆಸರು, ದುಂಡಗೆ.

ಪೈನ್ ಮರಗಳ ತಿರುವಿನಲ್ಲಿ ಎಣಿಸಿದೆ: ಮೂವತ್ತಮೂರು.
ಮತ್ತೆ: ಮೂವತ್ತಮೂರು.
ಎದೆಯೊಳಗೆ ಒಂದು ಮೆಟ್ಟಿಲು ತಪ್ಪಿತು.

ಸಿಕ್ಕ. ದಾರಿ ತಪ್ಪಿರಲಿಲ್ಲ, ದಾರಿ ಬಿಟ್ಟಿದ್ದ.
ತಗಡಿನ ಬೇಲಿ, ಆಚೆ ಮುಳ್ಳುಗಿಡದ ಬಯಲು,
ಕಲ್ಲಿನದೊಂದು ಬಾನಿ, ಅದರಲ್ಲಿ ಮಳೆನೀರು.
ಬಾನಿಯಂಚಿಗೆ ಸಾಲಾಗಿ ಐದು ಸಕ್ಕರೆ ತುಂಡು.
ಇರುವೆಗಳಿಗೆ ಆಗಲೇ ಸುದ್ದಿ ಮುಟ್ಟಿತ್ತು.

"ಇಲ್ಲೇ ಲಾಯ ಇತ್ತು ಹೋಜಮ್. ಹಿಂದುಗಡೆ ನಾವು.
ದುಮಾನ್ ಅಂತ, ಬೂದಿ ಬಣ್ಣ.
ಮಳೆ ಬಂದರೆ ಈ ತಿರುವಲ್ಲೇ ಜಾರುತ್ತಿದ್ದ.
ಎಡಗಿವಿಯಲ್ಲಿ ಹೆಸರು ಹೇಳಬೇಕು, ಏಳುತ್ತಿದ್ದ."
"ಈಗ ಎಲ್ಲಿದೆ ಅದು?"
"ಅವನನ್ನ ಲಾರಿ ಹತ್ತಿಸಿಕೊಂಡು ಹೋದರು.
ಅಪ್ಪನಿಗೆ ಒಂದು ಕಾಗದ ಕೊಟ್ಟರು, ನಂಬರಿತ್ತು."
ಸ್ವಲ್ಪ ಹೊತ್ತು ಬಿಟ್ಟು, ನಾನು ಕೇಳದಿದ್ದರೂ:
"ನಿಂತಿದ್ದು ಒಳ್ಳೇದೇ. ಸಾಯ್ತಿದ್ದವು.
ಅಪ್ಪನ ಮುಂದೆ ಮಾತ್ರ ಹಾಗನ್ನಲ್ಲ."

ಸಹಿಯ ಮಾತು ನಾಲಗೆಯ ತುದಿಗೆ ಬಂತು,
ಅಲ್ಲೇ ಕೂತಿತು.

ಕೊಡೆಯವಳು ಆಗಲೇ ಬೆಟ್ಟದ ಮಠದ ಹಾದಿ ಹಿಡಿದಿದ್ದಳು.
ನಾವು ಇವನ ಹಿಂದೆ ನಡೆದೆವು,
ಜನರಿಲ್ಲದ ಅಡ್ಡದಾರಿಯಲ್ಲಿ, ಬೇಲಿಗಳ ನಡುವೆ.
ಈ ಕಿಟಕಿಯಿಂದ ಹಳಸಿದ ರೊಟ್ಟಿ ಸಿಗುತ್ತಿತ್ತು.
ಈ ಗೇಟಿನ ಗ್ರೀಕ್ ಅಜ್ಜಿ ಬಕೆಟ್ ಹಿಡಿದು
ಲದ್ದಿಗೆ ಕಾಯುತ್ತಿದ್ದಳು, ಗುಲಾಬಿಗೆ.
ಇಲ್ಲಿ ಅಪ್ಪ ಜಗಳವಾಡಿ ಹಲ್ಲು ಕಳೆದುಕೊಂಡ.
ಬೆರ್ಫಿನ್ ನೆಲ ನೋಡಿದಳು, ಹಲ್ಲು ಸಿಕ್ಕೀತೇನೋ ಎಂಬಂತೆ.

ಅವನ ಹೆಸರಿಗೆ, ಅವನ ಅಮ್ಮನ ನುಡಿಯಲ್ಲಿ,
ದಾರಿ ತೋರುವವನು ಎಂದು ಅರ್ಥವಂತೆ.
ಮೂರು ವರ್ಷ ಹಾಜರಿಯಲ್ಲಿ ಕೂಗಿದ್ದೆ. ಕೇಳಿರಲಿಲ್ಲ.

ಸಂಜೆಯ ಹಡಗು. ಮೂವತ್ತನಾಲ್ಕು.
ಅರ್ಧಕ್ಕರ್ಧ ನಿದ್ದೆ, ಒಬ್ಬಳಿಗೆ ವಾಂತಿ.
ಚಹಾ ಬಂತು. ನನ್ನೆರಡು ತುಂಡನ್ನು
ಅಂಗೈಯಲ್ಲಿಟ್ಟು ಅವನತ್ತ ಚಾಚಿದೆ.
"ಹಾಗಲ್ಲ ಹೋಜಮ್, ಬೆರಳು ಮಡಚಬಾರದು, ಕಚ್ಚಿಬಿಡುತ್ತೆ.
ಚಪ್ಪಟೆ. ಹೆಬ್ಬೆರಳು ಪಕ್ಕಕ್ಕೆ ಅಂಟಿಸಿ."
ಚಪ್ಪಟೆ ಹಿಡಿದೆ.
ಒಂದನ್ನು ತಾನೇ ಬಾಯಿಗೆ ಹಾಕಿಕೊಂಡ, ನಕ್ಕ.
ಇನ್ನೊಂದು, ಹಡಗು ಕುಲುಕುತ್ತಿದ್ದರೂ,
ಇಳಿಯುವತನಕ
ಅಂಗೈ ಮೇಲೇ ಇತ್ತು.