ಹಿಂದಿನ ಗಾಡಿ

ನಾಮದ ಚಿಲುಮೆಯ ಬಳಿ ಬೆಳಗಿನ ಆರೂವರೆ.
ಸೇಫ್ಟಿ ಪಿನ್ನು ಕಚ್ಚಿಸಿ ಬೆನ್ನಿಗೇರಿಸಿಕೊಂಡೆ
ನೂರ ಹದಿನೇಳು.
ಪಕ್ಕದ ಹುಡುಗನ ಕಾಲಲ್ಲಿ ಒಂದು ಕೂದಲಿಲ್ಲ,
ಅವನ ಸೈಕಲ್ಲಿಗೆ ನನ್ನ ಸ್ಕೂಟರಿನ ಎರಡರಷ್ಟು ಬೆಲೆ.
'ಆಂಟಿ, ನೀವು ವಾಲಂಟಿಯರಾ?' ಅಂದ.
ತಿರುಗಿ ನಿಂತು ನಂಬರು ತೋರಿಸಿದೆ.

ಸೀಟಿ.
ಮೊದಲ ತಿರುವಿಗೇ ಎಲ್ಲರೂ
ತೂರಿದ ಹೊಟ್ಟಿನ ಹಾಗೆ ಹಾರಿಹೋದರು.
ಉಳಿದ ಕಾಳು ನಾನು,
ಬರೀ ಭಾರಕ್ಕೆ.

ಎರಡನೆಯದರಲ್ಲಿ ಹೆಬ್ಬೆರಳು
ಇನ್ನೊಂದು ಗೇರು ಹುಡುಕಿತು. ಇಲ್ಲ.
ತಿಂಗಳ ಕೊನೆಯಲ್ಲಿ
ಕಾಫಿಪುಡಿ ಡಬ್ಬಿಯ ತಳ ಕೆರೆದ ಸದ್ದು.

ನನ್ನ ಹಿಂದೆ, ನಡೆಯುವವನ ವೇಗದಲ್ಲಿ, ಒಂದು ಟಾಟಾ ಏಸ್.
ನಾನು ದಾಟಿದ ಮೇಲೆ ಅದರ ಡ್ರೈವರು ಇಳಿಯುತ್ತಾನೆ,
ಕೆಂಪು ಕೋನು ಎತ್ತುತ್ತಾನೆ,
ಒಂದರ ಮೇಲೊಂದು ಕೂರಿಸುತ್ತಾನೆ.
ಠಪ್.
ನನ್ನ ಹಿಂದಿನ ಚಕ್ರದವರೆಗೆ ಮಾತ್ರ ಇದು ಪಂದ್ಯ.
ಅದರಾಚೆ ಬರೀ ರಸ್ತೆ: ಹಾಲಿನ ಬೈಕು,
ಹೊಸ ಕಾರಿಗೆ ಪೂಜೆ ಮಾಡಿಸಲು ಹೊರಟ ಸಂಸಾರ,
ಹಾರನ್ನು, ಹಾರನ್ನು.

ಇಪ್ಪತ್ತೆರಡು ವರ್ಷ ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ
ಬೇರೆಯವರ ಮಣಿಕಟ್ಟು ಹಿಡಿದು ಗಡಿಯಾರ ನೋಡಿದವಳು.
ಈಗ ನನ್ನದೇ ನಾಡಿ
ಹೆಲ್ಮೆಟ್ಟಿನ ಒಳಗೆ ಬಂದು ಬಡಿಯುತ್ತಿದೆ.
ಚಾರ್ಟಿನಲ್ಲಿ ಈ ಸಂಖ್ಯೆ ಕಂಡಿದ್ದರೆ
ಡ್ಯೂಟಿ ಡಾಕ್ಟರನ್ನು ಎಬ್ಬಿಸುತ್ತಿದ್ದೆ.

'ಸಿಸ್ಟರ್, ಹತ್ಕೊಂಬುಡಿ. ಸೈಕಲ್ ಹಿಂದಕ್ಕೆ ಹಾಕ್ತೀನಿ.
ಯಾರ್ ನೋಡ್ತಾರೆ?'
ಕ್ಯಾತ್ಸಂದ್ರದ ಮಹಬೂಬ್.
ಅವನ ತಾಯಿಗೆ ಡ್ರಿಪ್ಪು ಹಾಕಿದ್ದೆನಂತೆ ಒಂದು ರಂಜಾನಿನಲ್ಲಿ,
ನನಗೆ ನೆನಪಿಲ್ಲ.
ನನ್ನಲ್ಲಿ ಉಳಿದಿದ್ದ ಉಸಿರಿಗೆ ಒಂದೇ ಮಾತು ಹಿಡಿಸಿತು:
'ಉಹೂಂ.'

ಆಮೇಲೆ ಅವನು ಕೇಳಲಿಲ್ಲ.
ಗಾಡಿಯನ್ನು ರಸ್ತೆಯ ನಡುವಿಗೆ ತಂದು
ಅಷ್ಟೂ ಹಾರನ್ನುಗಳನ್ನು ಬೆನ್ನ ಮೇಲೆ ಹೊತ್ತ.
ಕೋನು ಎತ್ತುವುದೂ ನಿಧಾನವಾಯಿತು.

ಕಟ್ಟೆಯ ಮೇಲೆ ಒಂದು ಮುಸುವ,
ಬೇರೆ ಕೆಲಸವಿಲ್ಲದ ಪರೀಕ್ಷಕ,
ನನ್ನನ್ನು ಪೂರ್ತಿ ನೋಡಿ, ಬಾಲ ಎತ್ತಿ ಹೋಯಿತು.
ನಾನು ಈ ಅಂಚಿಗೂ ಆ ಅಂಚಿಗೂ
ಓರೆ ಓರೆ ಹೊಲಿಗೆ ಹಾಕುತ್ತ
ಬೆಟ್ಟದ ಗಾಯವನ್ನು ಮೇಲಕ್ಕೆ ಮುಚ್ಚುತ್ತಿದ್ದೆ.
ಇಳಿದ ಹುಡುಗರು ಎದುರಾದರು, ಗಾಳಿಯಾಗಿ.
ಆ ಬೋಳುಗಾಲಿನವನು ಏನೋ ಕೂಗಿದ.
ಒಳ್ಳೆಯದೇ ಇರಬೇಕು.

ಕೊನೆಯ ತಿರುವಿನಲ್ಲಿ ಮಹಬೂಬ್ ನನ್ನನ್ನು ದಾಟಿಬಿಟ್ಟ.
ಇಷ್ಟೇ, ಅಂದುಕೊಂಡೆ. ಅವನಿಗೂ ಹೊಟ್ಟೆಯಿದೆ,
ಮೇಲೆ ಚಿತ್ರಾನ್ನ ಖಾಲಿಯಾಗುತ್ತಿರಬೇಕು.

ಮೇಲೆ ಬ್ಯಾನರಿನ ಒಂದು ಕಿವಿ ಬಿಚ್ಚಿ ಜೋತಿತ್ತು.
ಸಮಯ ಹಿಡಿಯುವ ಚಾಪೆ ಸುತ್ತಿ ಗೋಡೆಗೆ ಒರಗಿಸಿತ್ತು.
'ಮೆಷಿನ್ ಆಫ್ ಆಯ್ತು ಮೇಡಂ' ಎಂದಳು ಕೊರಳಪಟ್ಟಿಯ ಹುಡುಗಿ.
ಅವಳ ಹಿಂದೆ ಮಹಬೂಬ್,
ಕಟ್ಟಿಟ್ಟ ಕೋನುಗಳಲ್ಲಿ ಎರಡನ್ನು ಬಿಡಿಸಿ ತಂದು
ಒಂದು ಮಾರು ಅಂತರದಲ್ಲಿ ಇಡುತ್ತಿದ್ದ,
ಬಗ್ಗಿ, ಒಂದನ್ನು ಚೂರು ಸರಿಪಡಿಸಿ.

ಅವುಗಳ ನಡುವೆ ಹಾದೆ.
ಅವನು ಮೊಬೈಲು ನೋಡಿ ಗಂಟೆ ನಿಮಿಷ ಕೂಗಿದ.
ಹುಡುಗಿ ಪೆನ್ನು ಹುಡುಕಿ
ಅಂಗೈ ಮೇಲೆ ಬರೆದುಕೊಂಡಳು.

ಮೆಟ್ಟಿಲಲ್ಲಿ ಕೂತು
ಎಡ ಮಣಿಕಟ್ಟಿಗೆ ಬಲಗೈ ಬೆರಳಿಟ್ಟೆ.
ಹದಿನೈದು ಸೆಕೆಂಡು ಎಣಿಸಿದೆ.
ನಾಲ್ಕರಿಂದ ಗುಣಿಸಲಿಲ್ಲ.