ಹುರಿದ ಮರಳು

ದುಂಡು ಕೊಳವೆಯಾದರೆ ಹೇಳಿದ ಮಾತು ಕೇಳುತ್ತದೆ.
ಇದು ಆಯತದ್ದು, ನಲವತ್ತಕ್ಕೆ ಇಪ್ಪತ್ತು,
ಮೂಲೆಗೊಂದು ಹಟ.
ಮೊದಲ ತುಂಡು ಒಳಮಗ್ಗುಲಲ್ಲಿ ಕುಸಿಯಿತು
ಹಲ್ಲು ಕೀಳಿಸಿಕೊಂಡವರ ಕೆನ್ನೆಯ ಹಾಗೆ.
ರೌಹಾ ಅದನ್ನು ಬಾಗಿಲಾಚೆ ಎಸೆದಳು.
ಹಿಮ ಚುಸ್ಸೆಂದಿತು.

ಎರಡನೆಯದಕ್ಕೆ ಮರಳು ತುಂಬಿದಳು,
ಒಲೆಯ ಮೇಲೆ ಹುರಿದು ಒಣಗಿಸಿದ್ದು.
ಒಂದು ಹನಿ ತೇವ ಉಳಿದರೂ
ಬೆಣೆ ಗುಂಡಿನಂತೆ ಹಾರೀತು;
ಅಪ್ಪನ ಹುಬ್ಬಿನ ಗಾಯ ಕಲಿಸಿದ ಪಾಠ.
ಸುರಿದು, ಕುಟ್ಟಿ, ಮತ್ತೆ ಸುರಿದು
ಎರಡೂ ಬಾಯಿಗೆ ಬರ್ಚ್ ಮರದ ಬೆಣೆ.

ಇನಾರಿಯಲ್ಲಿ ಮೈನಸ್ ಇಪ್ಪತ್ತೆಂಟು.
ಮಧ್ಯಾಹ್ನವೆಂದರೆ ಕಿಟಕಿಯಲ್ಲೊಂದು ನೀಲಿ ಗೀರು.
ಷೆಡ್ಡಿನೊಳಗೆ ಉಕ್ಕು ಕೆಂಪಗಾಗಿ, ಕಿತ್ತಳೆಗೆ ತಿರುಗುವಾಗ
‘ಈಗ’ ಅಂದಳು.
ಸ್ಟೂಲಿನ ಮೇಲೆ ಕಾಲು ಚಾಚಿ ಕೂತ ಅಣ್ಣ ಎಸ್ಕೊ
ತುದಿಗೆ ಸಿಕ್ಕಿಸಿದ ಸನ್ನೆಗೋಲು ಎಳೆದ.
ಅವನ ಬಲಮಂಡಿ ಮೂರು ವರ್ಷದಿಂದ ಮಡಚುವುದಿಲ್ಲ.
ಜಾರುಬಂಡಿ ಅವನಿಗೇ,
ಸರೋವರದ ನಡುವೆ ಕೊರೆದ ಮೀನುಗುಂಡಿಯವರೆಗೆ.

ಎಳೆದದ್ದು ನಿಧಾನವಾಗಿ. ಅವಸರಕ್ಕೆ ಉಕ್ಕು ಸುಕ್ಕಾಗುತ್ತದೆ.
ಬಳುಕಿತು. ಕೆನ್ನೆ ಬೀಳಲಿಲ್ಲ.
ಇಬ್ಬರೂ ಹೊಗಳಲಿಲ್ಲ. ಕಾಫಿ ಕುಡಿದರು.

ಬೆಣೆ ಕೀಳುವಾಗ ಸಂಜೆ.
ಮರಳು ಇನ್ನೂ ಬೆಚ್ಚಗಿತ್ತು, ಬಹಳ ಹೊತ್ತು ಸುರಿಯಿತು.
ಒಂದು ಪಾಲನ್ನು ಹಳೆಯ ಕಾಲುಚೀಲಕ್ಕೆ ತುಂಬಿ
ಅವನ ಮಂಡಿಯ ಮೇಲಿಟ್ಟಳು.
‘ಇದೂ ಬಗ್ಗೀತೇನು?’
‘ಬೆಣೆ ಹೊಡೀಬೇಕಾಗುತ್ತೆ.’

ಅವನು ನಕ್ಕ, ಶಾಖ ಇಳಿಯುವವರೆಗೂ ಕಣ್ಣು ಮುಚ್ಚಿದ್ದ.
ಆಮೇಲೆ ಕಾಲುಚೀಲ ವಾಪಸು ಚಾಚಿದ:
‘ತಗೋ, ಬಂಡಿಗಿನ್ನೂ
ಒಂದು ಕಾಲು ಬಾಕಿ.’